ಕಡಲಾಳದ ತಂತಿಗೆ ಅಳತೆಗೋಲು ಕೊಟ್ಟ ಕೆಲ್ವಿನ್

1858ರ ಆಗಸ್ಟ್ 31. ಲಂಡನ್ನಿನ ಸೇನಾ ಕಚೇರಿಯಿಂದ ಹೊರಟ ಎರಡು ಪುಟ್ಟ ಸಂದೇಶಗಳು ಅಟ್ಲಾಂಟಿಕ್ ಸಾಗರದ ತಳದಲ್ಲಿ ಮಲಗಿದ್ದ ತಂತಿಯ ಮೂಲಕ ಸಾಗಿ ಅಮೆರಿಕ ಖಂಡವನ್ನು ತಲುಪಿದವು. ಭಾರತದಲ್ಲಿ 1857ರ ಬಂಡಾಯವನ್ನು ಹತ್ತಿಕ್ಕಲೆಂದು ಕೆನಡಾದಲ್ಲಿದ್ದ ಎರಡು ಬ್ರಿಟಿಷ್ ರೆಜಿಮೆಂಟುಗಳಿಗೆ ಹಡಗಿನ ಅಂಚೆಯಲ್ಲಿ ಬುಲಾವು ಹೋಗಿತ್ತು. ಅಷ್ಟರಲ್ಲಿ ಬಂಡಾಯ ಅಡಗಿತ್ತು. ಸೈನಿಕರು ಹೊರಡುವುದು ಬೇಡವೆಂದು ತಿಳಿಸಿದ ಈ ಎರಡು ತಂತಿಗಳು ಬ್ರಿಟಿಷ್ ಖಜಾನೆಗೆ ಸುಮಾರು 50 ಸಾವಿರ ಪೌಂಡುಗಳನ್ನು ಉಳಿಸಿಕೊಟ್ಟವು.

ಮರುದಿನವೇ ಆ ತಂತಿ ಮೂಕವಾಯಿತು. ಮೂರೂವರೆ ಲಕ್ಷ ಪೌಂಡು ಬಂಡವಾಳದ ಕಂಪನಿ ಎರಡು ಸಾವಿರ ಮೈಲಿಗೂ ಮೀರಿದ ಹೊರಜಿಯನ್ನು ಸಾಗರಕ್ಕೆ ಇಳಿಸಿ ಒಂದು ತಿಂಗಳೂ ತುಂಬಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ದೃಷ್ಟಾಂತ ಆ ಕಾಲಕ್ಕೆ ಇರಲಿಲ್ಲ. ತಂತಿ ಸತ್ತದ್ದಕ್ಕಿಂತ ಕಳವಳಕಾರಿಯಾದ ಸಂಗತಿ ಇನ್ನೊಂದಿತ್ತು. ಅದು ಏಕೆ ಸತ್ತಿತು, ಎಲ್ಲಿ ಸತ್ತಿತು ಎಂಬುದನ್ನು ಇಬ್ಬರು ತಂತ್ರಜ್ಞರು ಕುಳಿತು ಒಂದೇ ಭಾಷೆಯಲ್ಲಿ ಚರ್ಚಿಸುವುದೂ ಸಾಧ್ಯವಿರಲಿಲ್ಲ. ವಿದ್ಯುತ್ತನ್ನು ಅಳೆಯಲು ಎಲ್ಲರೂ ಒಪ್ಪಿದ ಮಾನವೇ ಅಂದು ಜಗತ್ತಿನಲ್ಲಿ ಇರಲಿಲ್ಲ.

ಆ ಮಾನವನ್ನು ರೂಪಿಸುವ ಕೆಲಸಕ್ಕೆ ಜೀವನದ ಅರ್ಧಭಾಗವನ್ನು ಮುಡಿಪಾಗಿಟ್ಟವರು ವಿಲಿಯಂ ಥಾಮ್ಸನ್. ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಅವರನ್ನು ಬಲ್ಲವರಿಗೆ ಅವರು ಲಾರ್ಡ್ ಕೆಲ್ವಿನ್. ಉಷ್ಣತೆಯ ಮಾನಕ್ಕೆ ಹೆಸರು ಕೊಟ್ಟ ವಿಜ್ಞಾನಿ. ದೂರಸಂಪರ್ಕದ ಅಂತಾರಾಷ್ಟ್ರೀಯ ಪ್ರಮಾಣಗಳಿಗೆ ಅಡಿಪಾಯ ಹಾಕಿದವರಲ್ಲಿಯೂ ಅವರೇ ಪ್ರಮುಖರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಹತ್ತನೆಯ ವಯಸ್ಸಿಗೆ ವಿಶ್ವವಿದ್ಯಾಲಯ

ಥಾಮ್ಸನ್ ಜನಿಸಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ತಂದೆ ಜೇಮ್ಸ್ ಥಾಮ್ಸನ್ ಗಣಿತದ ಅಧ್ಯಾಪಕರು. ತಾಯಿ ಮಾರ್ಗರೆಟ್ ತೀರಿಕೊಂಡಾಗ ವಿಲಿಯಂಗೆ ಆರು ವರ್ಷ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ತಂದೆಗೆ ಗಣಿತ ಪ್ರಾಧ್ಯಾಪಕ ಹುದ್ದೆ ದೊರೆತ ಬಳಿಕ ಕುಟುಂಬ ಸ್ಕಾಟ್ಲೆಂಡಿಗೆ ಬಂದಿತು. ಮಕ್ಕಳಿಗೆ ತಂದೆಯೇ ಗುರು. 1834ರಲ್ಲಿ, ಹತ್ತು ವರ್ಷದ ಬಾಲಕ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿದ.

ಹದಿನಾರರ ಹೊತ್ತಿಗೆ ಆತನ ಕೈಗೆ ಸಿಕ್ಕಿದ್ದು ಫ್ರೆಂಚ್ ಗಣಿತಜ್ಞ ಫೂರಿಯೇ ಬರೆದ ಉಷ್ಣ ಪ್ರಸರಣದ ಗ್ರಂಥ. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಕಾಯಿಸಿದರೆ ಬಿಸಿ ಇನ್ನೊಂದು ತುದಿಗೆ ಹೇಗೆ, ಎಷ್ಟು ಹೊತ್ತಿನಲ್ಲಿ ಹರಿಯುತ್ತದೆ ಎಂಬುದರ ಗಣಿತ ಅದರಲ್ಲಿತ್ತು. ಆ ಒಂದು ಪುಸ್ತಕ ಅವರ ಬದುಕಿನುದ್ದಕ್ಕೂ ಬಂಡವಾಳವಾಯಿತೆಂದರೆ ತಪ್ಪಾಗದು. ಕೇಂಬ್ರಿಡ್ಜ್‌ನಲ್ಲಿ ಓದಿ 1845ರ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದರು. ಪ್ಯಾರಿಸ್ಸಿನಲ್ಲಿ ರೆನ್ಯೋ ಅವರ ಪ್ರಯೋಗಶಾಲೆಯಲ್ಲಿ ನಿಖರ ಅಳತೆಯ ಪಾಠ ಕಲಿತರು. 1846ರಲ್ಲಿ, ಕೇವಲ 22ನೆಯ ವಯಸ್ಸಿಗೆ, ಗ್ಲಾಸ್ಗೋದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಆ ಪೀಠದಲ್ಲಿ ಅವರು 53 ವರ್ಷ ಕುಳಿತರು!

1848ರಲ್ಲಿ ಅವರು ಪರಮ ಉಷ್ಣತಾ ಮಾನವನ್ನು ಮಂಡಿಸಿದರು. ಪಾದರಸ ಹಿಗ್ಗುವುದನ್ನೋ ಗಾಳಿ ಉಬ್ಬುವುದನ್ನೋ ನೆಚ್ಚದೆ, ಯಾವುದೇ ಒಂದು ಪದಾರ್ಥದ ಗುಣಕ್ಕೆ ಕಟ್ಟುಬೀಳದೆ ಉಷ್ಣತೆಯನ್ನು ಅಳೆಯಬೇಕು ಎಂಬುದು ಅದರ ತಿರುಳು. ಮುಂದೆ ವಿದ್ಯುತ್ತಿನ ವಿಷಯದಲ್ಲಿಯೂ ಅವರು ಹಿಡಿದ ಹಟ ಇದೇ ಆಗಿತ್ತು.

ವೈದ್ಯರೊಡನೆ ವಾದ

ತಂತಿ ವ್ಯವಹಾರಕ್ಕೆ ಥಾಮ್ಸನ್ ಬಂದದ್ದು ಆಕಸ್ಮಿಕವಾಗಿ. ಗಟ್ಟಾಪರ್ಚಾ ಎಂಬ ಮರದ ಅಂಟನ್ನು ಹೊದಿಸಿ ನೀರಿನಲ್ಲಿಟ್ಟ ತಂತಿಯಲ್ಲಿ ಸಂಕೇತಗಳು ತಡವಾಗಿ, ಒಂದಕ್ಕೊಂದು ಕಲಸಿಕೊಂಡು ಬರುವುದನ್ನು ಫ್ಯಾರಡೆ 1854ರಲ್ಲಿ ವಿವರಿಸಿದ್ದರು. ಕಾರಣವೇನೆಂದು ಥಾಮ್ಸನ್ ಯೋಚಿಸಿದಾಗ ಫೂರಿಯೇ ನೆನಪಾದರು. ಸಲಾಕೆಯಲ್ಲಿ ಬಿಸಿ ಹರಡುವ ಬಗೆಗೂ ಕಡಲ ತಂತಿಯಲ್ಲಿ ವಿದ್ಯುತ್ತು ಹರಡುವ ಬಗೆಗೂ ಗಣಿತ ಒಂದೇ ಎಂದು ಅವರು ಕಂಡುಕೊಂಡರು. 1855ರಲ್ಲಿ ರಾಯಲ್ ಸೊಸೈಟಿಯ ಮೂಲಕ ಪ್ರಕಟವಾದ ಅವರ ಸೂತ್ರದ ಪ್ರಕಾರ ತಂತಿಯ ಉದ್ದ ಎರಡು ಪಟ್ಟಾದರೆ ಸಂಕೇತದ ವಿಳಂಬ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಅಟ್ಲಾಂಟಿಕ್ ದಾಟುವಷ್ಟು ಉದ್ದದ ತಂತಿಗೆ ಹೆಚ್ಚು ತಾಮ್ರ, ದಪ್ಪ ಹೊದಿಕೆ ಅನಿವಾರ್ಯ ಎಂದಂತಾಯಿತು. ಹೆಚ್ಚು ತಾಮ್ರವೆಂದರೆ ಹೆಚ್ಚು ಹಣ.

ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಅವರಿಗೆ ಇದು ಪಥ್ಯವಾಗಲಿಲ್ಲ. ವೃತ್ತಿಯಿಂದ ಅವರು ಬ್ರೈಟನ್ನಿನ ಶಸ್ತ್ರವೈದ್ಯರು. ವಿದ್ಯುತ್ತು ಅವರ ಹವ್ಯಾಸ. ತಾವು ನಡೆಸಿದ ಪ್ರಯೋಗಗಳಲ್ಲಿ ವರ್ಗ ನಿಯಮದ ಸುಳಿವೂ ಕಂಡಿಲ್ಲವೆಂದು 1856ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಯಲ್ಲಿ ಅವರು ಸಾರಿದರು. ಪತ್ರಿಕೆಯಲ್ಲಿ ಇಬ್ಬರಿಗೂ ವಾಗ್ವಾದ ನಡೆಯಿತು. ಅಗ್ಗದ ತಂತಿ ಸಾಕೆನ್ನುವ ತಜ್ಞರ ಮಾತು ಬಂಡವಾಳ ಹೂಡಿದವರಿಗೆ ಹಿತವಾಗಿ ಕೇಳಿಸಿದ್ದರಲ್ಲಿ ಅಚ್ಚರಿಯಿಲ್ಲ. ಅದೇ ವರ್ಷದ ಕೊನೆಗೆ ಸ್ಕಾಟ್ಲೆಂಡಿನ ಷೇರುದಾರರು ಥಾಮ್ಸನ್ ಅವರನ್ನು ಕಂಪನಿಯ ನಿರ್ದೇಶಕರನ್ನಾಗಿ ಆರಿಸಿದರಾದರೂ ತಂತಿಯ ವಿನ್ಯಾಸ ಆಗಲೇ ನಿಶ್ಚಯವಾಗಿ ತಯಾರಿಕೆಗೆ ಗುತ್ತಿಗೆಯನ್ನೂ ಕೊಟ್ಟಾಗಿತ್ತು.

ಆ ತಯಾರಿಕೆಯ ಕಥೆ ಇನ್ನೂ ಸ್ವಾರಸ್ಯಕರ. ತಂತಿಯ ಅರ್ಧಭಾಗವನ್ನು ಗ್ರೀನಿಚ್‌ನ ಒಂದು ಕಂಪನಿ, ಉಳಿದರ್ಧವನ್ನು ಬರ್ಕೆನ್‌ಹೆಡ್‌ನ ಇನ್ನೊಂದು ಕಂಪನಿ ತಯಾರಿಸಿತು. ಎರಡೂ ಸಿದ್ಧವಾದ ಮೇಲೆ ನೋಡಿದರೆ, ಹೊರಗಿನ ಕಬ್ಬಿಣದ ತಂತಿಗಳನ್ನು ಒಬ್ಬರು ಬಲಕ್ಕೆ ಹೊಸೆದಿದ್ದರು, ಇನ್ನೊಬ್ಬರು ಎಡಕ್ಕೆ! ಎತ್ತು ಏರಿಗೆ, ಕೋಣ ನೀರಿಗೆ. ಎರಡನ್ನೂ ನೇರವಾಗಿ ಬೆಸೆದು ಎಳೆದರೆ ಹುರಿ ಬಿಚ್ಚಿಕೊಳ್ಳುವುದು ಖಂಡಿತ. ಕೊನೆಗೆ ಬೆಸುಗೆಯ ಜಾಗವನ್ನು ಬಿಗಿಹಿಡಿಯಲು ಮರದ ಚೌಕಟ್ಟೊಂದನ್ನು ಮಾಡಿಸಬೇಕಾಯಿತು. ಹುರಿಯ ದಿಕ್ಕನ್ನು ಗುತ್ತಿಗೆ ಪತ್ರದಲ್ಲಿ ನಮೂದಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ.

ತಾಮ್ರದ ಕಥೆಯೂ ಅಷ್ಟೇ. ಮಾರುಕಟ್ಟೆಯ ತಾಮ್ರವೆಲ್ಲ ಒಂದೇ ಎಂದು ಎಲ್ಲರೂ ನಂಬಿದ್ದರು. ಬೇರೆಬೇರೆ ಕಡೆಯ ತಾಮ್ರದ ತಂತಿಗಳನ್ನು ಥಾಮ್ಸನ್ 1857ರಲ್ಲಿ ಪರೀಕ್ಷಿಸಿದಾಗ ಅವುಗಳ ವಾಹಕತೆಯಲ್ಲಿ ಭಾರೀ ವ್ಯತ್ಯಾಸ ಕಂಡುಬಂದಿತು. ಅತಿ ಸ್ವಲ್ಪ ಕಲ್ಮಷ ಬೆರೆತರೂ ತಾಮ್ರ ಮಂದವಾಗುತ್ತಿತ್ತು. ಇನ್ನು ಮುಂದೆ ತಂತಿಯನ್ನು ಕಾರ್ಖಾನೆಯಲ್ಲಿಯೇ ಪರೀಕ್ಷಿಸಿ, ಗೊತ್ತುಪಡಿಸಿದ ಗುಣಮಟ್ಟವಿದ್ದರೆ ಮಾತ್ರ ಕೊಳ್ಳಬೇಕೆಂದು ಅವರು ಕಂಪನಿಯನ್ನು ಒಪ್ಪಿಸಿದರು. ಕೊಳ್ಳುವವನು ಮೊದಲೇ ಪ್ರಮಾಣ ಗೊತ್ತುಮಾಡುವುದು, ಮಾರುವವನು ಅದಕ್ಕೆ ತಕ್ಕಂತೆ ಒಪ್ಪಿಸುವುದು ಎಂಬ ಪದ್ಧತಿ ವಿದ್ಯುತ್ ಉದ್ಯಮದಲ್ಲಿ ಬೇರೂರತೊಡಗಿದ್ದು ಹೀಗೆ.

1857ರ ಆಗಸ್ಟ್‌ನಲ್ಲಿ ನಡೆದ ಮೊದಲ ಪ್ರಯತ್ನದಲ್ಲಿ ಐರ್ಲೆಂಡಿನಿಂದ ಕೆಲವು ನೂರು ಮೈಲಿ ಹೋಗುವಷ್ಟರಲ್ಲಿ ತಂತಿ ತುಂಡಾಯಿತು. ಅನಾರೋಗ್ಯದ ಕಾರಣ ನೀಡಿ ವೈಟ್‌ಹೌಸ್ ದಡದಲ್ಲಿಯೇ ಉಳಿದರು. ಅವರ ಬದಲಿಗೆ ಅಗಮೆಮ್ನಾನ್ ಎಂಬ ಯುದ್ಧನೌಕೆಯನ್ನೇರಿದವರು ಥಾಮ್ಸನ್, ಅದೂ ಸಂಬಳವಿಲ್ಲದೆ. 1858ರ ಜೂನ್‌ನಲ್ಲಿ ಅದೇ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗುವುದರಲ್ಲಿತ್ತು. ಆದರೂ ಜುಲೈ ಕೊನೆಗೆ ಸಾಗರ ಮಧ್ಯದಲ್ಲಿ ಎರಡು ಹಡಗುಗಳ ತಂತಿಗಳನ್ನು ಬೆಸೆದು, ಒಂದು ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಸಾಗಿ, ಆಗಸ್ಟ್ 5ರಂದು ತುದಿಗಳು ಐರ್ಲೆಂಡ್ ಹಾಗೂ ನ್ಯೂಫೌಂಡ್‌ಲ್ಯಾಂಡ್ ತೀರಗಳನ್ನು ಮುಟ್ಟಿದವು. ನ್ಯೂಯಾರ್ಕಿನಲ್ಲಿ ಸಂಭ್ರಮಕ್ಕೆ ಹಾರಿಸಿದ ಬಾಣಬಿರುಸು ನಗರಸಭಾ ಭವನದ ಛಾವಣಿಗೇ ಬೆಂಕಿ ಹಚ್ಚಿತು.

ಸಂಭ್ರಮದ ಹಿಂದಿನ ನಿಜ ಬೇರೆ ಇತ್ತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳುಹಿಸಿದ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ವೈಟ್‌ಹೌಸ್ ಅವರ ಯಂತ್ರಗಳಿಗೆ ಮಂಕಾದ ಸಂಕೇತಗಳು ದಕ್ಕಲಿಲ್ಲ. ದಕ್ಕಿಸಿಕೊಟ್ಟದ್ದು ಥಾಮ್ಸನ್ ಅವರ ಕನ್ನಡಿ ಗ್ಯಾಲ್ವನೋಮೀಟರ್. ಗುಲಗಂಜಿ ತೂಕದಷ್ಟರ ಪುಟ್ಟ ಕನ್ನಡಿ, ಅದರ ಬೆನ್ನಿಗೆ ಅಂಟಿಸಿದ ಅಯಸ್ಕಾಂತದ ಚೂರು, ರೇಷ್ಮೆ ಎಳೆಯಲ್ಲಿ ತೂಗು. ತಂತಿಯಲ್ಲಿ ಅತಿ ಸೂಕ್ಷ್ಮ ವಿದ್ಯುತ್ತು ಹರಿದರೂ ಕನ್ನಡಿ ಕದಲಿ, ಅದರಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ಎದುರಿನ ಪಟ್ಟಿಯ ಮೇಲೆ ಎಡಕ್ಕೋ ಬಲಕ್ಕೋ ಸರಿಯುತ್ತಿತ್ತು. ಆದರೆ ವೈಟ್‌ಹೌಸ್ ದೊಡ್ಡ ಸುರುಳಿಗಳಿಂದ ಸುಮಾರು ಎರಡು ಸಾವಿರ ವೋಲ್ಟ್ ಒತ್ತಡ ಹೇರಿ ತಂತಿಯನ್ನು ಮಾತನಾಡಿಸಲು ಹೊರಟರು. ಮೊದಲೇ ದುರ್ಬಲವಾಗಿದ್ದ ಹೊದಿಕೆ ತಡೆಯಲಿಲ್ಲ. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ತಪ್ಪೆಲ್ಲವನ್ನೂ ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವಸರದ ತಯಾರಿಕೆ, ಬಿಸಿಲಿನಲ್ಲಿ ಒಣಗಿದ ಗಟ್ಟಾಪರ್ಚಾ, ಹಣ ಹೂಡಿದವರ ಆತುರ, ಎಲ್ಲಕ್ಕೂ ಅದರಲ್ಲಿ ಪಾಲಿತ್ತು.

ಊರಿಗೊಂದು ಸೇರು

ಗಾಯದ ಮೇಲೆ ಬರೆ ಎಂಬಂತೆ, ಕೆಂಪು ಸಮುದ್ರದ ಮಾರ್ಗವಾಗಿ ಭಾರತಕ್ಕೆ ಎಳೆದ ತಂತಿಯೂ 1860ರಲ್ಲಿ ಕೆಟ್ಟುಹೋಯಿತು. ಬ್ರಿಟಿಷ್ ಸರಕಾರ ಖಾತರಿ ನೀಡಿದ್ದ 8 ಲಕ್ಷ ಪೌಂಡು ನೀರುಪಾಲು. ಸರಕಾರ ಮತ್ತು ಅಟ್ಲಾಂಟಿಕ್ ಕಂಪನಿ ಸೇರಿ ರಚಿಸಿದ ತನಿಖಾ ಸಮಿತಿ 1861ರಲ್ಲಿ ವರದಿ ಸಲ್ಲಿಸಿತು. ಅಲ್ಲಿಯವರೆಗೆ ಕಡಲಿಗಿಳಿಸಿದ 11 ಸಾವಿರಕ್ಕೂ ಹೆಚ್ಚು ಮೈಲಿ ತಂತಿಯಲ್ಲಿ ಕೆಲಸ ಮಾಡುತ್ತಿದ್ದದ್ದು ಸುಮಾರು 3 ಸಾವಿರ ಮೈಲಿ ಮಾತ್ರ. ಸಮಿತಿಯ ಮುಂದೆ ಸಾಕ್ಷ್ಯ ನುಡಿದವರಲ್ಲಿ ಥಾಮ್ಸನ್ ಕೂಡ ಒಬ್ಬರು.

ಹಿಂದೆ ನಮ್ಮ ಸಂತೆಗಳಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸರಿಹೊಂದುತ್ತಿರಲಿಲ್ಲ, ಕೊಳಗವೂ ಹಾಗೆಯೇ. ಅಂದಿನ ತಂತಿ ಲೋಕದ ಪರಿಸ್ಥಿತಿ ಅದಕ್ಕಿಂತ ಭಿನ್ನವಾಗಿರಲಿಲ್ಲ. ವಿದ್ಯುತ್ತಿನ ಹರಿವಿಗೆ ತಂತಿ ಒಡ್ಡುವ ತಡೆಯನ್ನು, ಅಂದರೆ ರೋಧವನ್ನು, ಇಂಗ್ಲಿಷರು ಇಂತಿಷ್ಟು ದಪ್ಪದ ತಾಮ್ರದ ತಂತಿಯ ಒಂದು ಮೈಲಿಯಿಂದ ಅಳೆಯುತ್ತಿದ್ದರು. ಫ್ರೆಂಚರದು ನಾಲ್ಕು ಮಿಲಿಮೀಟರ್ ದಪ್ಪದ ಕಬ್ಬಿಣದ ತಂತಿಯ ಒಂದು ಕಿಲೋಮೀಟರ್. ಜರ್ಮನರದು ಜರ್ಮನ್ ಮೈಲಿ. ರಷ್ಯದಲ್ಲಿ ನೆಲೆಸಿದ್ದ ಯಾಕೋಬಿ ತಮ್ಮದೇ ತಾಮ್ರದ ತಂತಿಯ ತುಂಡನ್ನು ಯೂರೋಪಿನ ಪ್ರಯೋಗಶಾಲೆಗಳಿಗೆ ಹಂಚಿದ್ದರು. ಸಾವಿರ ಮೈಲಿ ಆಚೆ ಕಡಲಾಳದಲ್ಲಿ ತಂತಿ ಎಲ್ಲಿ ಕೆಟ್ಟಿದೆ ಎಂಬುದನ್ನು ದಡದಲ್ಲಿ ಕುಳಿತು ರೋಧ ಅಳೆದೇ ಪತ್ತೆಹಚ್ಚಬೇಕು. ಒಂದು ದಡದವರ ಅಳತೆ ಇನ್ನೊಂದು ದಡದವರಿಗೆ ಅರ್ಥವಾಗದಿದ್ದರೆ ರಿಪೇರಿ ಹಡಗು ಎಲ್ಲಿಗೆ ಹೋಗಬೇಕು?

1861ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸೇರಿದ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಯಲ್ಲಿ ತಂತಿ ಇಂಜಿನಿಯರುಗಳಾದ ಲ್ಯಾಟಿಮರ್ ಕ್ಲಾರ್ಕ್ ಮತ್ತು ಚಾರ್ಲ್ಸ್ ಬ್ರೈಟ್, ವಿದ್ಯುತ್ತಿನ ಮಾನಗಳಿಗೆ ವಿಜ್ಞಾನಿಗಳ ಹೆಸರಿಡಬೇಕೆಂದು ಸೂಚಿಸಿದರು. ಓಮ್, ವೋಲ್ಟ್, ಫ್ಯಾರಡ್‌ಗಳ ಮೂಲ ಅದು. ಅದೇ ಸಭೆಯಲ್ಲಿ ಥಾಮ್ಸನ್ ಅವರ ಒತ್ತಾಸೆಯಿಂದ ವಿದ್ಯುತ್ ಮಾನಗಳ ಸಮಿತಿ ರಚನೆಯಾಯಿತು. ವೀಟ್‌ಸ್ಟನ್, ಫ್ಲೀಮಿಂಗ್ ಜೆಂಕಿನ್ ಮೊದಲಿಗೆ ಬಂದರು. ಅನಂತರ ಮ್ಯಾಕ್ಸ್‌ವೆಲ್, ಜೌಲ್ ಸೇರಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಷ್ಟು ಘಟಾನುಘಟಿಗಳು ಒಂದೇ ಸಮಿತಿಯಲ್ಲಿ ಕುಳಿತದ್ದು ಅಪರೂಪ.

ಜರ್ಮನಿಯ ವರ್ನರ್ ಸೀಮೆನ್ಸ್ ಆಗಲೇ ಸರಳವಾದ ಒಂದು ದಾರಿ ಸೂಚಿಸಿದ್ದರು: ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಪಾದರಸದ ಕಂಬದ ರೋಧವೇ ಮೂಲಮಾನವಾಗಲಿ. ಯಾವ ಊರಿನಲ್ಲಿ ಬೇಕಾದರೂ ಮಾಡಿಕೊಳ್ಳಬಹುದು. ಥಾಮ್ಸನ್ ಒಪ್ಪಲಿಲ್ಲ. ಪಾದರಸವೇ ಏಕೆ? ಉದ್ದ, ತೂಕ ಮತ್ತು ಕಾಲ ಈ ಮೂರರಿಂದಲೇ ವಿದ್ಯುತ್ ಮಾನ ಹುಟ್ಟಬೇಕು, ಆಗ ಮಾತ್ರ ಉಷ್ಣ, ಚಲನೆ, ವಿದ್ಯುತ್ತುಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತದೆ ಎಂಬುದು ಅವರ ನಿಲುವು. ಗಾಸ್ ಮತ್ತು ವೆಬರ್ ತೋರಿಸಿದ್ದ ದಾರಿ ಅದು. ಸಾಮಾನ್ಯ ತಂತಿ ನೌಕರನಿಗೆ ಸೀಮೆನ್ಸ್ ದಾರಿಯೇ ಸುಲಭವಾಗಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು.

ಆ ಪರಮ ಮಾನವನ್ನು ನಿಜವಾಗಿ ಅಳೆಯುವುದು ಹೇಗೆ? ಥಾಮ್ಸನ್ ಸೂಚಿಸಿದ ವಿಧಾನದಂತೆ 1863-64ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮ್ಯಾಕ್ಸ್‌ವೆಲ್, ಜೆಂಕಿನ್ ಮತ್ತು ಬಾಲ್ಫರ್ ಸ್ಟೂವರ್ಟ್ ಪ್ರಯೋಗ ನಡೆಸಿದರು. ತಾಮ್ರದ ತಂತಿಯ ದುಂಡನೆಯ ಸುರುಳಿಯನ್ನು ಭೂಮಿಯ ಕಾಂತಕ್ಷೇತ್ರದಲ್ಲಿ ಗಿರ್ರನೆ ತಿರುಗಿಸಲಾಯಿತು. ತಿರುಗುವಾಗ ಅದರಲ್ಲಿ ವಿದ್ಯುತ್ತು ಹುಟ್ಟಿ, ನಡುವೆ ತೂಗುಬಿಟ್ಟ ಸಣ್ಣ ಅಯಸ್ಕಾಂತ ಪಕ್ಕಕ್ಕೆ ಸರಿಯುತ್ತದೆ. ಭೂಮಿಯ ಕಾಂತಬಲ ಎಷ್ಟೇ ಇದ್ದರೂ ಲೆಕ್ಕದಲ್ಲಿ ಅದು ಎರಡೂ ಕಡೆ ಹೊಡೆದುಹೋಗುತ್ತದೆ. ಉಳಿಯುವುದು ಸುರುಳಿಯ ಅಳತೆ, ತಿರುಗುವ ವೇಗ, ಸರಿದ ಕೋನ. ಇಷ್ಟರಿಂದಲೇ ರೋಧದ ಬೆಲೆ ದೊರೆಯುತ್ತದೆ. ವಿಚಿತ್ರವೆಂದರೆ ಈ ಲೆಕ್ಕದಲ್ಲಿ ರೋಧ ಒಂದು ವೇಗವಾಗಿ ಕಾಣಿಸಿಕೊಳ್ಳುತ್ತದೆ; ಸೆಕೆಂಡಿಗೆ 1 ಕೋಟಿ ಮೀಟರನ್ನು ಸಮಿತಿ ತನ್ನ ಮೂಲಮಾನವೆಂದು ಆರಿಸಿತು. 1865ರಲ್ಲಿ ಪ್ಲಾಟಿನಂ-ಬೆಳ್ಳಿ ಮಿಶ್ರಲೋಹದ ಪ್ರಮಾಣ ಸುರುಳಿಗಳು ಸಿದ್ಧವಾಗಿ ಬೇರೆಬೇರೆ ದೇಶಗಳ ತಂತಿ ಇಲಾಖೆಗಳಿಗೆ ರವಾನೆಯಾದವು. ಮುಂದೆ ರ‍್ಯಾಲೀ 1881-82ರಲ್ಲಿ ಮತ್ತೆ ಅಳೆದಾಗ ಅದರಲ್ಲಿ ಶೇ.1.3ರಷ್ಟು ತಪ್ಪಿರುವುದು ಪತ್ತೆಯಾಯಿತು. ಅಷ್ಟಾದರೂ ಆ ಕಾಲಕ್ಕೆ ಅದೊಂದು ಸಾಹಸ.

ಅದೇ 1865ರಲ್ಲಿ ಪ್ಯಾರಿಸ್ಸಿನಲ್ಲಿ 20 ದೇಶಗಳು ಸೇರಿ ಅಂತಾರಾಷ್ಟ್ರೀಯ ತಂತಿ ಒಕ್ಕೂಟವನ್ನು ಸ್ಥಾಪಿಸಿದವು. ಇಂದಿನ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮೂಲ ಅದು. ದರ, ಸಂಕೇತ, ನಿಯಮಗಳು ಅದರ ಪಾಲಿಗೆ. ಅಳತೆಯ ಮಾನ ವಿಜ್ಞಾನಿಗಳ ಪಾಲಿಗೆ. ಭಾರತ 1869ರಿಂದಲೇ ಆ ಒಕ್ಕೂಟದ ಸದಸ್ಯ. ಅದರ ಪ್ರಮಾಣೀಕರಣದ ಜಾಗತಿಕ ಸಭೆ 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬಹುದು.

ಬೆಳ್ಳಿಯ ಬೆರಳುಗವಸಿನ ಬ್ಯಾಟರಿ

1865ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಬೃಹತ್ ಹಡಗಿನಿಂದ ಇಳಿಸಿದ ತಂತಿ 1,200 ಮೈಲಿ ಸಾಗಿ ತುಂಡಾಯಿತು. 1866ರ ಜುಲೈ 27ರಂದು ಹೊಸ ತಂತಿ ನ್ಯೂಫೌಂಡ್‌ಲ್ಯಾಂಡ್ ದಡ ಸೇರಿತು. ಹಿಂದಿನ ವರ್ಷ ಕಳೆದುಹೋಗಿದ್ದ ತುದಿಯನ್ನೂ ಸಾಗರದ ತಳದಿಂದ ಕೊಕ್ಕೆಯಲ್ಲಿ ಎತ್ತಿ ಪೂರ್ಣಗೊಳಿಸಲಾಯಿತು. ಈ ಬಾರಿ ತಂತಿಯಲ್ಲಿದ್ದ ತಾಮ್ರ ಪ್ರತಿ ನಾಟಿಕಲ್ ಮೈಲಿಗೆ 300 ಪೌಂಡ್. 1858ರದರಲ್ಲಿ ಇದ್ದದ್ದು 107. ಥಾಮ್ಸನ್ ಹತ್ತು ವರ್ಷದ ಹಿಂದೆ ಹೇಳಿದ್ದೂ ಅದನ್ನೇ.

ಎರಡು ತಂತಿಗಳ ತುದಿಗಳನ್ನು ಅಮೆರಿಕದ ಕಡೆ ಜೋಡಿಸಿ, ಐರ್ಲೆಂಡಿನಲ್ಲಿ ಲ್ಯಾಟಿಮರ್ ಕ್ಲಾರ್ಕ್ ಒಂದು ಪರೀಕ್ಷೆ ನಡೆಸಿದರು. ಹೊಲಿಗೆಗೆ ಬಳಸುವ ಬೆಳ್ಳಿಯ ಬೆರಳುಗವಸಿನಲ್ಲಿ ಕೆಲವು ಹನಿ ಆಮ್ಲ, ಒಂದು ಚೂರು ಸತು. ಆ ಪುಟಾಣಿ ಬ್ಯಾಟರಿಯ ವಿದ್ಯುತ್ತು ಅಟ್ಲಾಂಟಿಕ್ಕನ್ನು ಎರಡು ಬಾರಿ ದಾಟಿ ಬಂದು ಥಾಮ್ಸನ್ ಮಾದರಿಯ ಯಂತ್ರದ ಬೆಳಕಿನ ಚುಕ್ಕೆಯನ್ನು ಕದಲಿಸಿತು! ವೈಟ್‌ಹೌಸ್ ಅವರ ಎರಡು ಸಾವಿರ ವೋಲ್ಟ್‌ಗೆ ಇದಕ್ಕಿಂತ ಸೊಗಸಾದ ಉತ್ತರ ಇರಲಾರದು.

ಅದೇ ವರ್ಷದ ನವೆಂಬರ್‌ನಲ್ಲಿ ಥಾಮ್ಸನ್ ಸರ್ ವಿಲಿಯಂ ಆದರು. ವಾರ್ಲಿ, ಜೆಂಕಿನ್ ಜೊತೆ ಸೇರಿ ಪೇಟೆಂಟುಗಳಿಂದ ಧಾರಾಳವಾಗಿ ಹಣ ಗಳಿಸಿದರು. 1867ರಲ್ಲಿ ರೂಪಿಸಿದ ಸೈಫನ್ ರೆಕಾರ್ಡರ್ ಎಂಬ ಯಂತ್ರ ಕೂದಲೆಳೆಯಂಥ ಗಾಜಿನ ನಳಿಕೆಯಿಂದ ಶಾಯಿ ಚಿಮ್ಮಿಸಿ ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆ ಅಂಕುಡೊಂಕು ಗೆರೆಯಾಗಿ ಬರೆಯುತ್ತಿತ್ತು. 1870ರ ಜೂನ್‌ನಲ್ಲಿ ಕಡಲ ತಂತಿಯ ಸರಪಳಿ ಇಂಗ್ಲೆಂಡಿನಿಂದ ಬೊಂಬಾಯಿವರೆಗೆ ಪೂರ್ಣಗೊಂಡಾಗ ಆ ಮಾರ್ಗದಲ್ಲಿಯೂ ಈ ಯಂತ್ರ ಬಳಕೆಗೆ ಬಂದಿತು. ಅದಕ್ಕೆ ಮೊದಲು ಭೂಮಾರ್ಗದ ತಂತಿಗಳಲ್ಲಿ ಕೈಯಿಂದ ಕೈಗೆ ಸಾಗಿ ಬರುತ್ತಿದ್ದ ಭಾರತದ ಸಂದೇಶಗಳು ಕೆಲವೊಮ್ಮೆ ಗುರುತು ಸಿಗದಷ್ಟು ಕೆಟ್ಟಿರುತ್ತಿದ್ದವು.

ಅದೇ ತಿಂಗಳು ಪತ್ನಿ ಮಾರ್ಗರೆಟ್ ಕ್ರಮ್ ನಿಧನರಾದರು. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಆಕೆ ಬಹುಕಾಲ ಅಸ್ವಸ್ಥರು. ಮಕ್ಕಳಿರಲಿಲ್ಲ. ಥಾಮ್ಸನ್ 126 ಟನ್ನಿನ ಲಲ್ಲಾ ರೂಖ್ ಎಂಬ ಹಾಯಿನೌಕೆ ಕೊಂಡು ಬೇಸಿಗೆಗಳನ್ನು ಕಡಲಿನಲ್ಲಿ ಕಳೆಯತೊಡಗಿದರು. ಬ್ರೆಜಿಲ್ ತಂತಿಯ ಕೆಲಸಕ್ಕೆ ಹೋಗುವಾಗ ಮಡೇರಾ ದ್ವೀಪದಲ್ಲಿ ಪರಿಚಯವಾದ ಫ್ರಾನ್ಸಿಸ್ ಬ್ಲಾಂಡಿ ಅವರನ್ನು 1874ರಲ್ಲಿ ಮದುವೆಯಾದರು. ಹಿಮದ ಮೇಲೆ ಆಡುವಾಗ ಮುರಿದ ಕಾಲಿನಿಂದಾಗಿ 1861ರಿಂದಲೂ ಅವರದು ಕುಂಟು ನಡಿಗೆ.

ಪ್ಯಾರಿಸ್ಸಿನ ರಾಜಿ

ಬ್ರಿಟಿಷ್ ಮಾನ ಬ್ರಿಟಿಷರದ್ದಾಗಿಯೇ ಉಳಿದರೆ ಪ್ರಯೋಜನವಿಲ್ಲ. ಜರ್ಮನಿಯ ತಂತಿ ಇಲಾಖೆ ಸೀಮೆನ್ಸ್ ಪಾದರಸವನ್ನೇ ನೆಚ್ಚಿತ್ತು. 1870-71ರ ಯುದ್ಧದ ಕಹಿ ಇನ್ನೂ ಆರಿರಲಿಲ್ಲ. ಇಂಥ ಹೊತ್ತಿನಲ್ಲಿ, 1881ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನ ನಡೆಯಿತು. ಜರ್ಮನ್ ತಂಡದಲ್ಲಿದ್ದ ಹೆಲ್ಮ್‌ಹೋಲ್ಟ್ಸ್ ಥಾಮ್ಸನ್ ಅವರ ಬಹುಕಾಲದ ಗೆಳೆಯರು. ಕೊನೆಗೆ ಎರಡೂ ಕಡೆಯವರ ಮುಖ ಉಳಿಸುವ ರಾಜಿಯೊಂದು ಕುದುರಿತು. ಓಮ್‌ನ ಅರ್ಥ ನಿರೂಪಣೆ ಬ್ರಿಟಿಷರ ಪರಮ ಪದ್ಧತಿಯಂತೆ. ಆದರೆ ಅದನ್ನು ಕೈಗೆ ಸಿಗುವಂತೆ ಮಾಡುವುದು ಜರ್ಮನರ ಪಾದರಸದ ಕಂಬದಿಂದ. ಕಂಬ ಎಷ್ಟು ಉದ್ದವಿರಬೇಕೆಂಬುದನ್ನು ಮುಂದೆ ಪ್ರಯೋಗಗಳು ಹೇಳಲಿ. ಓಮ್, ವೋಲ್ಟ್, ಆಂಪಿಯರ್, ಕೂಲಂ, ಫ್ಯಾರಡ್, ಈ ಐದೂ ಹೆಸರುಗಳು ಅಂತಾರಾಷ್ಟ್ರೀಯ ಮುದ್ರೆ ಪಡೆದದ್ದು ಅಲ್ಲಿ. ಊರ ಮೂಲೆಯ ರೇಡಿಯೊ ರಿಪೇರಿ ಅಂಗಡಿಯ ಮೀಟರಿನಲ್ಲೂ ಇಂದು ಕಾಣುವ ಹೆಸರುಗಳು ಅವೇ.

ಥಾಮ್ಸನ್ ಹಿಡಿದ ಹಟ ಪೂರ್ತಿಯಾಗಿ ಗೆಲ್ಲಲು ಇನ್ನೂ 138 ವರ್ಷ ಬೇಕಾಯಿತು. 2019ರ ಮೇ 20ರಿಂದ ಓಮ್ ಆಗಲಿ ಕೆಲ್ವಿನ್ ಆಗಲಿ ಯಾವುದೇ ವಸ್ತುವಿನ ಮೇಲೆ ಅವಲಂಬಿತವಾಗಿಲ್ಲ. ಎರಡಕ್ಕೂ ಪ್ರಕೃತಿಯ ಸ್ಥಿರಾಂಕಗಳೇ ಆಧಾರ.

ಹಿರಿಯರೂ ಎಡವುತ್ತಾರೆ ಎಂಬುದಕ್ಕೂ ಅವರ ಬದುಕಿನಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ಭೂಮಿಯ ವಯಸ್ಸನ್ನು ಕೆಲವೇ ಕೋಟಿ ವರ್ಷಗಳಿಗೆ ಇಳಿಸಿ ಭೂವಿಜ್ಞಾನಿಗಳ ಸಿಟ್ಟಿಗೆ ಗುರಿಯಾದರು. ನಯಾಗರಾ ವಿದ್ಯುತ್ ಯೋಜನೆಯ ಆಯೋಗದ ಅಧ್ಯಕ್ಷರಾಗಿದ್ದಾಗ ಪರ್ಯಾಯ ವಿದ್ಯುತ್ತನ್ನು ವಿರೋಧಿಸಿದರು. ಗೆದ್ದದ್ದು ಪರ್ಯಾಯ ವಿದ್ಯುತ್ತೇ. ಅವರ ತಂತಿಯ ಸೂತ್ರವೂ ಅಪೂರ್ಣವೇ ಆಗಿತ್ತು. ನಿಧಾನಗತಿಯ ಟೆಲಿಗ್ರಾಫಿಗೆ ಅದು ಸಾಕು, ದೂರವಾಣಿಗೆ ಸಾಲದು ಎಂದು ಕಾಲೇಜಿನ ಮೆಟ್ಟಿಲು ಹತ್ತದ, ಹಿಂದೆ ತಂತಿ ಕಚೇರಿಯಲ್ಲಿ ದುಡಿದಿದ್ದ ಆಲಿವರ್ ಹೆವಿಸೈಡ್ ತೋರಿಸಿಕೊಟ್ಟರು. ಅವರನ್ನು ಮೂಲೆಗೊತ್ತಲು ಪ್ರಭಾವಿಗಳು ಯತ್ನಿಸಿದ್ದರು. ತಮ್ಮದೇ ಸಿದ್ಧಾಂತವನ್ನು ತಿದ್ದಿದ ಹೆವಿಸೈಡ್ ಅವರನ್ನು ಥಾಮ್ಸನ್ 1889ರಲ್ಲಿ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷ ಭಾಷಣದಲ್ಲಿ ಬಹಿರಂಗವಾಗಿ ಮೆಚ್ಚಿಕೊಂಡರು. ಹೆವಿಸೈಡ್ ಅದೃಷ್ಟ ಖುಲಾಯಿಸಿದ್ದು ಆ ಬಳಿಕವೇ.

1892ರಲ್ಲಿ ಅವರು ಲಾರ್ಡ್ ಕೆಲ್ವಿನ್ ಆದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ಬಳಿ ಹರಿಯುವ ಪುಟ್ಟ ನದಿಯ ಹೆಸರು ಕೆಲ್ವಿನ್. 1896ರಲ್ಲಿ ಪ್ರಾಧ್ಯಾಪಕತ್ವದ ಐವತ್ತನೆಯ ವರ್ಷದ ಸಮಾರಂಭದಲ್ಲಿ ವಿಶ್ವವಿದ್ಯಾಲಯದಿಂದ ಹೊರಟ ಅಭಿನಂದನೆಯ ತಂತಿ ಅಟ್ಲಾಂಟಿಕ್ ದಾಟಿ ಅಮೆರಿಕವನ್ನೆಲ್ಲ ಸುತ್ತಿ ಸುಮಾರು ಏಳೂವರೆ ನಿಮಿಷದಲ್ಲಿ ಮರಳಿ ಅಲ್ಲಿಗೇ ಬಂದಿತು. ಅದೇ ವರ್ಷ ಜಗದೀಶಚಂದ್ರ ಬೋಸ್ ಲಿವರ್‌ಪೂಲ್‌ನಲ್ಲಿ ತಮ್ಮ ವಿದ್ಯುತ್ ತರಂಗಗಳ ಪ್ರಯೋಗ ಪ್ರದರ್ಶಿಸಿದಾಗ ಸಭೆಯಲ್ಲಿದ್ದ ಕೆಲ್ವಿನ್, ಕುಂಟುಕಾಲಿನಲ್ಲಿಯೇ ಮಹಡಿ ಹತ್ತಿ ಬೋಸರ ಪತ್ನಿಯನ್ನು ಅಭಿನಂದಿಸಿದರು. ಕಲ್ಕತ್ತದಲ್ಲಿ ಬೋಸರಿಗೊಂದು ಸುಸಜ್ಜಿತ ಪ್ರಯೋಗಶಾಲೆ ಬೇಕೆಂದು ಭಾರತ ವ್ಯವಹಾರಗಳ ಮಂತ್ರಿಗೆ ಪತ್ರವನ್ನೂ ಬರೆದರು. ಬೋಸ್ ಅಂದು ಬಳಸಿದ ಮಿಲಿಮೀಟರ್ ತರಂಗಗಳ ಪಟ್ಟಿಗಳೇ ಇಂದು 5ಜಿ ಪ್ರಮಾಣಗಳಲ್ಲಿಯೂ ಸ್ಥಾನ ಪಡೆದಿವೆ. 1898ರ ಜೂನ್‌ನಲ್ಲಿ ಮಾರ್ಕೋನಿಯ ನಿಸ್ತಂತು ಕೇಂದ್ರಕ್ಕೆ ಭೇಟಿ ಕೊಟ್ಟ ಕೆಲ್ವಿನ್, ಸಂದೇಶ ಕಳುಹಿಸಿದ್ದಕ್ಕೆ ಒಂದೊಂದು ಶಿಲ್ಲಿಂಗ್ ಕೊಡುವುದಾಗಿ ಹಟಹಿಡಿದರು. ಹಣ ತೆತ್ತು ಕಳುಹಿಸಿದ ಮೊದಲ ನಿಸ್ತಂತು ಸಂದೇಶಗಳೆಂದು ಇತಿಹಾಸದಲ್ಲಿ ದಾಖಲಾದವು ಅವು.

1899ರಲ್ಲಿ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದವರು ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಹೆಸರು ಬರೆಸಿದರು.

1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸೇರಿದ್ದ ವಿದ್ಯುತ್ ಸಮ್ಮೇಳನ, ಯಂತ್ರೋಪಕರಣಗಳ ಪ್ರಮಾಣೀಕರಣಕ್ಕೆ ಶಾಶ್ವತ ಸಂಸ್ಥೆಯೊಂದು ಬೇಕೆಂದು ನಿರ್ಣಯಿಸಿತು. ಅದರ ಹೊಣೆ ಹೊತ್ತವರು ಕ್ರಾಂಪ್ಟನ್. ಯೌವನದಲ್ಲಿ ಭಾರತದಲ್ಲಿ ಸೈನ್ಯಾಧಿಕಾರಿಯಾಗಿದ್ದು, ಪಂಜಾಬಿನ ರಸ್ತೆಗಳಲ್ಲಿ ಉಗಿಬಂಡಿ ಓಡಿಸಿದ್ದವರು. 1906ರ ಜೂನ್‌ನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಸೇರಿದ ಪ್ರತಿನಿಧಿಗಳು ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವನ್ನು ಸ್ಥಾಪಿಸಿದರು. ಪ್ರಥಮ ಅಧ್ಯಕ್ಷರ ಸ್ಥಾನಕ್ಕೆ ಬೇರೆ ಹೆಸರು ಹುಡುಕಬೇಕಾಗಿರಲಿಲ್ಲ. ಕೆಲ್ವಿನ್ ಅವರಿಗೆ ಆಗ 82 ವರ್ಷ.

1907ರ ಡಿಸೆಂಬರ್ 17ರಂದು ಲಾರ್ಗ್ಸ್ ಊರಿನ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಡಿಸೆಂಬರ್ 23ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ನರ ಸಮಾಧಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಹತ್ತು ತಿಂಗಳ ನಂತರ, 1908ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನ, ಪ್ಯಾರಿಸ್ಸಿನಲ್ಲಿ ಬಾಕಿ ಉಳಿದಿದ್ದ ಪ್ರಶ್ನೆಗೆ ಉತ್ತರ ಬರೆಯಿತು: ಕರಗುವ ಮಂಜುಗಡ್ಡೆಯ ಉಷ್ಣತೆಯಲ್ಲಿ, 14.4521 ಗ್ರಾಂ ತೂಗುವ ಪಾದರಸದ ಕಂಬದ ಉದ್ದ 106.300 ಸೆಂಟಿಮೀಟರ್.